ಗೈಗರ್ ಕೌಂಟರ್ (ವಿಕಿರಣ ಬಂದಾಗ ಟಿಕ್ ಅನ್ನೋ ಮೀಟರ್) ಹಿಡಿದ್ರೆ ಅದು ಯಾವ ವಿಕಿರಣ ವಸ್ತು ಅಂತ ಗೊತ್ತಾಗುತ್ತಾ?

ಗೊತ್ತಾಗಲ್ಲ. ಎಷ್ಟು ಸಲ ಬರೆದ್ರೂ ಇದೇ ಪ್ರಶ್ನೆ ಬರ್ತಾನೇ ಇದೆ, ಹಾಗಾಗಿ ಈ ಸಲ ಬಿಡಿಸಿಯೇ ಹೇಳ್ತೀನಿ. ಸಿನಿಮಾದಲ್ಲಿ ಟಿಕ್ ಟಿಕ್ ಅಂದ ತಕ್ಷಣ "ಇದು ಯುರೇನಿಯಂ" ಅಂತಾರಲ್ಲ, ಅದನ್ನ ಮೊದಲು ತಲೆಯಿಂದ ತೆಗೆದುಹಾಕಿ.

ಈ ಕೌಂಟರಿನಲ್ಲಿ ವಿಕಿರಣ ಹಿಡಿಯೋದು ಒಂದು ಟ್ಯೂಬ್, ಅದರೊಳಗೆ ಏನಾಗುತ್ತೆ ನೋಡಿ. ಕಡಿಮೆ ಒತ್ತಡದ ಗ್ಯಾಸ್, ನಡುವೆ ಒಂದು ತೆಳು ತಂತಿ, ಅದಕ್ಕೆ ನೂರಾರು ವೋಲ್ಟ್. ಗಾಮಾ ಕಿರಣದಿಂದ ಒಂದೇ ಒಂದು ಎಲೆಕ್ಟ್ರಾನ್ ಒಳಗೆ ಬಂದ್ರೂ ಸಾಕು, ಅದು ತಂತಿ ಕಡೆ ಓಡ್ತಾ ಗ್ಯಾಸಿನಿಂದ ಇನ್ನಷ್ಟು ಎಲೆಕ್ಟ್ರಾನ್ ಕೀಳುತ್ತೆ, ಅವು ಮತ್ತಷ್ಟು ಕೀಳುತ್ತೆ, ಕಣ್ಣು ಮಿಟುಕಿಸೋದ್ರೊಳಗೆ ತಂತಿಯುದ್ದಕ್ಕೂ ಡಿಸ್ಚಾರ್ಜ್ ಹಬ್ಬಿ ಒಂದು ಪಲ್ಸ್, ಅಂದ್ರೆ ಕರೆಂಟಿನ ಒಂದು ಮಿಡಿತ, ಅದೇ ಟಿಕ್. ಬಂದಿದ್ದರ ಶಕ್ತಿ ಎಷ್ಟೇ ಇರಲಿ, ಪಲ್ಸ್ ಮಾತ್ರ ಒಂದೇ ಸೈಜು. ಕಾಲಿಂಗ್ ಬೆಲ್ ಯಾರು ಒತ್ತಿದ್ರೂ ಅದೇ ಸದ್ದು ತಾನೇ? ಸೀಸಿಯಂ-137ರ 662 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ಗಾಮಾಗೂ ಟಿಕ್, ಪೊಟ್ಯಾಸಿಯಂ-40ರ 1461ಕ್ಕೂ ಅದೇ ಟಿಕ್. ಗುರುತು ಅಲ್ಲೇ ಅಳಿಸಿಹೋಯ್ತು, ಆಮೇಲೆ ಎಂಥಾ ದುಬಾರಿ ಡಿಸ್‌ಪ್ಲೇ ಹಾಕಿದ್ರೂ ವಾಪಸ್ ಬರಲ್ಲ.

"ಮತ್ತೆ ಮೈಕ್ರೋಸೀವರ್ಟ್ ತೋರಿಸುತ್ತಲ್ಲ" ಅಂತೀರಾ. ಮೈಕ್ರೋಸೀವರ್ಟ್ ಅಂದ್ರೆ ಮೈಗೆ ತಗಲೋ ವಿಕಿರಣದ ಅಳತೆ. ಮೀಟರ್ ಅದನ್ನ ತೋರಿಸೋದು ಟಿಕ್‌ಗಳ ಎಣಿಕೆನ ಒಂದು ಸಂಖ್ಯೆಯಿಂದ ಗುಣಿಸಿ, ಆ ಸಂಖ್ಯೆ ಸಾಮಾನ್ಯವಾಗಿ ಸೀಸಿಯಂ-137 ಎದುರಿಗಿಟ್ಟು ಸೆಟ್ ಮಾಡಿದ್ದು, ಎದುರಿಗೆ ಬೇರೇನೋ ಇದ್ರೆ ಅಂಕಿ ಆಚೀಚೆ ಆಗುತ್ತೆ. ಆಲ್ಫಾ ಕಣಗಳನ್ನೂ ಒಳಗೆ ಬಿಡೋ ತೆಳು ಮೈಕಾ ಕಿಟಕಿ ಇರೋ ಟ್ಯೂಬಾದ್ರೆ ಮಧ್ಯೆ ಒಂದು ಕಾಗದ ಹಿಡಿದು ನೋಡಿ, ಟಿಕ್ ದಿಢೀರ್ ಕಮ್ಮಿ ಆದ್ರೆ ಕಾಗದಕ್ಕೇ ನಿಂತುಹೋಗೋ ಆಲ್ಫಾ ಇದೆ ಅನ್ನಬಹುದು. ಆದ್ರೆ ಅದು ವಿಕಿರಣದ ಬಗೆ, ವಸ್ತುವಿನ ಹೆಸರಲ್ಲ.

ಹೆಸರು ಬೇಕಂದ್ರೆ ಗಾಮಾ ಸ್ಪೆಕ್ಟ್ರೋಮೀಟರ್ ಬೇಕು. ಸೋಡಿಯಂ ಅಯೊಡೈಡ್ ಕ್ರಿಸ್ಟಲ್ ಮೇಲೆ ಗಾಮಾ ಬಿದ್ರೆ ಅದು ಮಿನುಗುತ್ತೆ, ಎಷ್ಟು ಶಕ್ತಿ ಬಿಟ್ಟುಹೋಯ್ತೋ ಅಷ್ಟು ಬೆಳಕು. ಅಳೆದು ಗ್ರಾಫ್ ಹಾಕಿದಾಗ 1173 ಮತ್ತು 1332 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಜೋಡಿ ಗುಡ್ಡ ಎದ್ರೆ ಕೋಬಾಲ್ಟ್-60, ನೋಡೋಕೇ ಎಷ್ಟು ಚೆಂದ ಗೊತ್ತಾ! ಒತ್ತೊತ್ತಾಗಿರೋ ಗುಡ್ಡಗಳನ್ನ ಬೇರೆ ಮಾಡೋಕೆ ಜರ್ಮೇನಿಯಂ ಡಿಟೆಕ್ಟರ್, ಅದನ್ನ ದ್ರವ ಸಾರಜನಕ ಅಥವಾ ಕೂಲರ್ ಇಟ್ಟು ತಣ್ಣಗಿಡಬೇಕು.

ಇನ್ನೊಂದು, ಇದನ್ನ ಯಾರೂ ಕೇಳಿಲ್ಲ, ಆದ್ರೆ ಕೇಳಬೇಕಿತ್ತು: ಮೀಟರ್ ಸೊನ್ನೆ ತೋರಿಸಿದ್ರೆ ಸೇಫಾ? ಅಲ್ಲ. ಆಕಾಶದಿಂದ, ಮಣ್ಣಿಂದ ಸ್ವಲ್ಪ ವಿಕಿರಣ ಯಾವಾಗಲೂ ಬರ್ತಿರುತ್ತೆ, ಹಾಗಾಗಿ ಸರಿಯಿರೋ ಮೀಟರ್ ಪೂರ್ತಿ ಸುಮ್ಮನಿರಲ್ಲ. ಪ್ರತಿ ಪಲ್ಸ್ ಆದ್ಮೇಲೆ ಟ್ಯೂಬಿಗೆ ಸುಮಾರು 100 ಮೈಕ್ರೋಸೆಕೆಂಡ್ ಏನೂ ಗೊತ್ತಾಗಲ್ಲ, ವಿಕಿರಣ ವಿಪರೀತ ಇದ್ರೆ ಕೆಲವು ಮೀಟರ್ ಚೇತರಿಸಿಕೊಳ್ಳೋಕೇ ಆಗದೆ ಸೊನ್ನೆಗೆ ಇಳಿದುಬಿಡುತ್ತೆ. ಅದಕ್ಕೇ ದೂರದಲ್ಲೇ ಆನ್ ಮಾಡಿ, ಟಿಕ್ ಕೇಳಿಸ್ಕೊಂಡು ಆಮೇಲೆ ಹತ್ರ ಹೋಗೋದು, ವಿಕಿರಣ ವಿಪರೀತ ಇರೋ ಜಾಗಕ್ಕೆ ಅಯಾನ್ ಚೇಂಬರ್ ಅನ್ನೋ ಬೇರೆ ಬಗೆಯ ಮೀಟರ್ ಒಯ್ಯೋದು.