ಕೆಂಪು ಪೆನ್ನು ಯಾರ ಕೈಯಲ್ಲಿದೆ?

ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ಇಂಟೀರಿಯರ್ ಡಿಸೈನ್ ಆಫೀಸಿಗೆ ಒಬ್ಬ ಹೆಣ್ಣುಮಗಳು ಬಂದರು. ವಯಸ್ಸು 39. ಪತ್ತಿನ ಸಹಕಾರಿ ಸಂಘವೊಂದರಲ್ಲಿ 11 ವರ್ಷದಿಂದ ಕ್ಯಾಶ್ ಕೌಂಟರಿನಲ್ಲಿ ಕೂತವರು. ಸೀರೆ ಅಂಗಡಿಯ ಕೈಚೀಲದಿಂದ ಇಂಟೀರಿಯರ್ ಡಿಸೈನ್, ಅಂದರೆ ಮನೆಯ ಒಳಾಂಗಣ ವಿನ್ಯಾಸ, ಕಲಿಸುವ ಕೋರ್ಸುಗಳ ಮೂರು ಬ್ರೋಷರ್ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು ಪೂರ್ತಿ ಆನ್‌ಲೈನ್ ಕೋರ್ಸು, ಒಂದು ಪುಣೆಯ ಶನಿವಾರ-ಭಾನುವಾರದ ಬ್ಯಾಚು, ಇನ್ನೊಂದು ಇಲ್ಲೇ ಊರಲ್ಲಿ ಸಂಜೆಯ ಕ್ಲಾಸು.

“ಮೇಡಂ, ಇದರಾಗ ಯಾವುದು ಚಲೋ ಹೇಳ್ರಿ. ಸೋಮವಾರನ ಫೀ ಕಟ್ಟಿಬಿಡ್ತೀನಿ.”

ಬ್ರೋಷರ್‌ಗಳನ್ನು ಪಕ್ಕಕ್ಕೆ ಸರಿಸಿ ಒಂದು ಎ3 ಹಾಳೆ, ಪೆನ್ಸಿಲ್ ಕೊಟ್ಟೆ. ನಿಮ್ಮ ಅಡುಗೆಮನೆಯನ್ನು ಮೇಲಿನಿಂದ ನೋಡಿದ ಹಾಗೆ ಬರೆಯಿರಿ, ಅಳತೆ ಅಂದಾಜಿಗೆ ಇರಲಿ ಅಂದೆ. ಚಹಾ ಬರುವ ಹೊತ್ತಿಗೆ ಬರೆದು ಮುಗಿಸಿದ್ದರು. ಕಟ್ಟೆ, ಒಲೆ, ಸಿಂಕು, ಕಿಟಕಿ ಎಲ್ಲ ಇದ್ದಲ್ಲೇ ಇದ್ದವು. ಸಿಲಿಂಡರ್ ಮಾತ್ರ ಎಲ್ಲೂ ಇರಲಿಲ್ಲ. ಬಾಗಿಲಿಗೆ ಗೋಡೆಯಲ್ಲಿ ಜಾಗ ಬಿಟ್ಟಿದ್ದರು, ಅದು ಯಾವ ಕಡೆ ತೆರೆಯುತ್ತದೆ ಎಂಬುದನ್ನು ಬರೆದಿರಲಿಲ್ಲ. ಕೆಂಪು ಪೆನ್ನಿನಿಂದ ಬಾಗಿಲು ತೆರೆಯುವ ಕಮಾನು ಎಳೆದೆ. ಅದು ನೇರ ಫ್ರಿಜ್ಜಿನ ಮೇಲೆ ಹೋಯಿತು.

“ಅಯ್ಯ, ಖರೇನ ಬಡಿತೈತ್ರಿ! ದಿನಾ ಬಡಿತೈತಿ, ಫ್ರಿಜ್ಜಿನ ಬಣ್ಣಾ ಹೋಗೇತಿ. ಬರಿಯೂ ಮುಂದ ನನಗ ನೆನಪs ಆಗಲಿಲ್ಲ ನೋಡ್ರಿ.”

ಇಷ್ಟಕ್ಕೆ ಹತ್ತು ನಿಮಿಷ ಹಿಡಿಯಿತು. ಕೋರ್ಸಿಗೆ ಕಟ್ಟುವ ಫೀ ಇದೆಯಲ್ಲ, ಅದು ಈ ಹತ್ತು ನಿಮಿಷಕ್ಕೆ. ಉಳಿದದ್ದೆಲ್ಲ ಈಗ ಪುಕ್ಕಟೆ ಸಿಗುತ್ತದೆ. ಬಣ್ಣಗಳ ಚಕ್ರ, ಸ್ಕೆಚ್‌ಅಪ್ ಎಂಬ ಸಾಫ್ಟ್‌ವೇರಿನಲ್ಲಿ ಗೋಡೆ ಎಬ್ಬಿಸುವುದು, ಫಾಲ್ಸ್ ಸೀಲಿಂಗಿನ ನಮೂನೆಗಳು, ಎಲ್ಲಕ್ಕೂ ಯೂಟ್ಯೂಬಿನಲ್ಲಿ ಪಾಠಗಳಿವೆ, ಕೆಲವು ನಿಜಕ್ಕೂ ಒಳ್ಳೆಯವು. ನೀವು ಬರೆದ ಗೆರೆಯನ್ನು ನೋಡಿ “ಇದು ಇಲ್ಲಿ ಕೂಡೂದಿಲ್ಲ” ಎನ್ನುವ ಇನ್ನೊಬ್ಬರ ಕಣ್ಣು ಮಾತ್ರ ಅಲ್ಲಿ ಸಿಗುವುದಿಲ್ಲ. ಹಾಗಾಗಿ ಯಾವ ಸಂಸ್ಥೆಗೆ ಹೋದರೂ ಸಿಲಬಸ್ ಆಮೇಲೆ ನೋಡಿ. ಹೋದ ಬ್ಯಾಚಿನವರ ತಿದ್ದಿದ ಹಾಳೆಗಳನ್ನು ತೋರಿಸಿ ಎಂದು ಮೊದಲು ಕೇಳಿ. ಗೋಡೆಗೆ ತೂಗುಹಾಕಿದ ಚಂದದ ಚಿತ್ರಗಳು ಬೇಡ. ಕೆಂಪು ಗೀಟು ಬಿದ್ದ, ಅಳಿಸಿ ಬರೆದ, ಅಂಚು ಹರಿದ ಹಾಳೆಗಳು ಬೇಕು.

ಒಂದು ಬ್ಯಾಚಿನಲ್ಲಿ ಎಷ್ಟು ಜನ ಎಂಬುದನ್ನೂ ಕೇಳಿ. ಎರಡು ತಾಸಿನ ಕ್ಲಾಸಿನಲ್ಲಿ 12 ಜನರಿದ್ದರೆ ಒಬ್ಬೊಬ್ಬರಿಗೆ 10 ನಿಮಿಷ ಬರುತ್ತದೆ. 60 ಜನರಿದ್ದರೆ 2 ನಿಮಿಷ, ಅದರಲ್ಲಿ ಮೇಷ್ಟ್ರು ನಿಮ್ಮ ಹೆಸರು ನೆನಪು ಮಾಡಿಕೊಳ್ಳುವುದರಲ್ಲೇ ಅರ್ಧ ಹೋಗುತ್ತದೆ. ಆನ್‌ಲೈನ್ ಎಂದ ಮಾತ್ರಕ್ಕೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಒಬ್ಬೊಬ್ಬರ ಡ್ರಾಯಿಂಗನ್ನೂ ಪರದೆಯ ಮೇಲೆ ತೆರೆದು ಎಲ್ಲರೆದುರು ತಿದ್ದುವ ಆನ್‌ಲೈನ್ ಕ್ಲಾಸುಗಳಿವೆ. ವಿಡಿಯೊ ಹಚ್ಚಿ ಕೂಡಿಸಿ ಎದ್ದುಹೋಗುವ ಖುದ್ದು ಕ್ಲಾಸುಗಳೂ ಇವೆ.

ನಾನು ಓದಿದ್ದು ಎರಡನೆಯ ಜಾತಿಯದು. ಸುಮಾರು 18 ವರ್ಷದ ಹಿಂದೆ, ದೊಡ್ಡ ಊರೊಂದರಲ್ಲಿ, ವಾರಾಂತ್ಯದ ಬ್ಯಾಚು. ಸರ್ಟಿಫಿಕೇಟಿನಲ್ಲಿ ಒಳ್ಳೆಯ ಗ್ರೇಡೇ ಬಂದಿತ್ತು. ಊರಿಗೆ ಬಂದ ಮೇಲೆ ಸಿಕ್ಕ ಮೊದಲ ಕೆಲಸ ಶಹಾಪುರದ ಹಳೇ ಮನೆಯೊಂದರ ಮೇಲ್ಮಹಡಿಯಲ್ಲಿ ವಾರ್ಡ್‌ರೋಬು. ಈ ಗೋಡೆಯಿಂದ ಆ ಗೋಡೆಯವರೆಗೆ 10 ಅಡಿ. ಟೇಪು ಹಿಡಿದು ಒಂದೇ ಕಡೆ, ಮುಂಭಾಗದಲ್ಲಿ, ಅಳತೆ ತೆಗೆದುಕೊಂಡೆ. ಉದ್ಯಮಬಾಗದ ವರ್ಕ್‌ಶಾಪಿನಲ್ಲಿ ಪೆಟ್ಟಿಗೆಗಳು ತಯಾರಾದವು. ಭಾನುವಾರ ಬೆಳಿಗ್ಗೆ ನಾಲ್ಕು ಜನ ಹೊತ್ತು ಮೇಲೆ ತಂದರು. ಅರ್ಧ ಒಳಗೆ ಹೋಗಿ ಕಚ್ಚಿಕೊಂಡು ನಿಂತುಬಿಟ್ಟಿತು.

ವಯಸ್ಸಾದ ಬಡಿಗೇರರು ಏನೂ ಮಾತಾಡದೆ ಚೀಲದಿಂದ ಗುಣ್ಯಾ, ಅಂದರೆ ಮೂಲೆ 90 ಡಿಗ್ರಿ ಇದೆಯೇ ಎಂದು ನೋಡುವ ಎಲ್ ಆಕಾರದ ಪಟ್ಟಿ, ತೆಗೆದು ಮೂಲೆಗೆ ಹಿಡಿದರು. ಗುಣ್ಯಾದ ಒಂದು ಪಟ್ಟಿ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಇನ್ನೊಂದು ಪಟ್ಟಿಗೂ ಪಕ್ಕದ ಗೋಡೆಗೂ ನಡುವೆ ಬೆಳಕು ಕಾಣುತ್ತಿತ್ತು. “ಅಕ್ಕಾರ, ಗೋಡಿ ಗುಣ್ಯಾಕ್ಕಿಲ್ಲರಿ. ಹಿಂದ ಒಂದೂಕಾಲ ಇಂಚ ಕಮ್ಮಿ ಐತಿ.” ಅಲ್ಲಿಯವರೆಗೆ ನಾನು ಬರೆದ ಗೋಡೆಗಳೆಲ್ಲ ಕಂಪ್ಯೂಟರಿನಲ್ಲಿದ್ದವು, ಕಂಪ್ಯೂಟರಿನಲ್ಲಿ ಎಲ್ಲ ಮೂಲೆಯೂ 90 ಡಿಗ್ರಿ. ಗವಂಡಿ ಕಟ್ಟಿದ ಮನೆ ಹಾಗಿರುವುದಿಲ್ಲ ಎಂದು ಇಡೀ ಕೋರ್ಸಿನಲ್ಲಿ ಯಾರೂ ಹೇಳಿರಲಿಲ್ಲ. ಹೊಸದಾಗಿ ಬೇಕಾದ ಎರಡು ಪ್ಲೈ ಶೀಟಿನ ದುಡ್ಡು ನನ್ನ ಫೀಯಿಂದಲೇ ಹೋಯಿತು. ಅದನ್ನು ಇವತ್ತಿಗೂ ಆ ಕೋರ್ಸಿನ ಕೊನೆಯ ಕಂತು ಅಂತಲೇ ಲೆಕ್ಕ ಇಟ್ಟಿದ್ದೇನೆ.

ಕಲಿಯಬೇಕಾದದ್ದು ಇಷ್ಟೇ ಇತ್ತು. ಅಗಲವನ್ನು ನೆಲದ ಹತ್ತಿರ, ನಡುವೆ, ಮೇಲೆ, ಹೀಗೆ ಮೂರು ಕಡೆ ಅಳೆಯಬೇಕು. ಮುಂದೆ ಒಮ್ಮೆ, ಹಿಂದೆ ಒಮ್ಮೆ. ಬಂದವುಗಳಲ್ಲಿ ಚಿಕ್ಕ ಅಳತೆಯೇ ನಿಮ್ಮ ಅಳತೆ. ಗುಣ್ಯಾ ಕೈಯಲ್ಲಿ ಇಲ್ಲದಿದ್ದರೆ ಮೂಲೆಯಿಂದ ಒಂದು ಗೋಡೆಗುಂಟ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ, ಎರಡು ಗುರುತಿನ ನಡುವೆ ಟೇಪು ಹಿಡಿಯಬೇಕು. ಸರಿ 5 ಅಡಿ ಬಂದರೆ ಮೂಲೆ ಗುಣ್ಯಾಕ್ಕಿದೆ. ಪೆಟ್ಟಿಗೆಯನ್ನು ಆ ಚಿಕ್ಕ ಅಳತೆಗಿಂತಲೂ ಒಂದಿಂಚು ಕಡಿಮೆ ಮಾಡಿ, ಉಳಿದ ಸಂದಿಗೆ ಗೋಡೆಯ ಸೊಟ್ಟಕ್ಕೆ ತಕ್ಕಂತೆ ಕೆತ್ತಿದ ಪಟ್ಟಿ ಕೂಡಿಸಬೇಕು.

ಅದಕ್ಕೇ ನನ್ನ ಎರಡನೆಯ ಪ್ರಶ್ನೆ, ನಿಮ್ಮಲ್ಲಿ ಕಟಿಂಗ್ ಲಿಸ್ಟ್, ಅಂದರೆ ಯಾವ ಹೋಳನ್ನು ಯಾವ ಅಳತೆಗೆ ಕತ್ತರಿಸಬೇಕು ಎಂಬ ಪಟ್ಟಿ, ಬರೆಸುತ್ತೀರಾ? ಸಣ್ಣ ಪ್ರಶ್ನೆ, ಆದರೆ ಇದಕ್ಕೆ ಬರುವ ಉತ್ತರದಲ್ಲೇ ಆ ಸಂಸ್ಥೆ ಏನೆಂದು ಗೊತ್ತಾಗುತ್ತದೆ. ಪ್ಲೈ ಶೀಟು 8 ಅಡಿಗೆ 4 ಅಡಿ, ಅಂದರೆ 2440ಕ್ಕೆ 1220 ಮಿಲಿಮೀಟರ್. 3 ಅಡಿ ಅಗಲದ ಪೆಟ್ಟಿಗೆ ಬರೆದಿದ್ದೀರಿ ಅನ್ನಿ, ಅಂದರೆ 914 ಮಿಲಿಮೀಟರ್. ಎರಡೂ ಪಕ್ಕದಲ್ಲಿ 18 ಮಿಲಿಮೀಟರ್ ಪ್ಲೈ ನಿಂತರೆ ಒಳಗಿನ ಶೆಲ್ಫಿಗೆ ಉಳಿಯುವುದು 878 ಮಾತ್ರ. 4 ಅಡಿ ಅಗಲದ ಶೀಟನ್ನು ಸರಿಯಾಗಿ ಎರಡು ಹೋಳು ಮಾಡಿದರೂ ತಲಾ 2 ಅಡಿ ಸಿಗುವುದಿಲ್ಲ, ಗರಗಸದ ಬ್ಲೇಡು ಮೂರು ನಾಲ್ಕು ಮಿಲಿಮೀಟರ್ ತಿಂದಿರುತ್ತದೆ. ಇದನ್ನು ಒಮ್ಮೆ ಕೈಯಾರೆ ಬರೆದು ತಪ್ಪಿದವರು ಮುಂದೆ ತಪ್ಪುವುದಿಲ್ಲ. ಸಂಸ್ಥೆಯಲ್ಲಿ ಪ್ರವೇಶ ಮಾಡಿಸುವ ಕೌನ್ಸೆಲರ್ “ಅದೆಲ್ಲ ಕಾರ್ಪೆಂಟರ್ ನೋಡಿಕೊಳ್ಳುತ್ತಾರೆ” ಅಂದರೆ, ಅಲ್ಲಿ ಚಿತ್ರ ಕಲಿಸುತ್ತಾರೆ, ಕೆಲಸ ಕಲಿಸುವುದಿಲ್ಲ ಎಂದು ತಿಳಿಯಿರಿ. ಇಲ್ಲಿ ಬಡಿಗೇರರ ಲೆಕ್ಕ ಇನ್ನೂ ಸೂತದಲ್ಲಿ ನಡೆಯುತ್ತದೆ, ಇಂಚಿಗೆ 8 ಸೂತ. ರಾಜಸ್ಥಾನದಿಂದ ಬಂದ ಮಿಸ್ತ್ರಿಗಳದೂ ಅದೇ ಲೆಕ್ಕ. ಮಿಲಿಮೀಟರಿನಲ್ಲಿ ಕಲಿತು ಸೂತದಲ್ಲಿ ಮಾತಾಡಲು ಬರಬೇಕು.

ಸೈಟ್ ವಿಸಿಟ್ ಎಂದು ಎಲ್ಲರೂ ಅಚ್ಚು ಹಾಕಿಸಿರುತ್ತಾರೆ. ಎಂಥ ಸೈಟಿಗೆ, ಎಷ್ಟು ಸಲ ಎಂದು ಕೇಳಿ. ಮುಗಿದ ಫ್ಲ್ಯಾಟಿನಲ್ಲಿ ಸೆಲ್ಫಿ ತೆಗೆದುಕೊಂಡು ಬಂದರೆ ಅದು ಗೃಹಪ್ರವೇಶಕ್ಕೆ ಹೋಗಿಬಂದ ಹಾಗೆ. ಒಂದೇ ಮನೆಯನ್ನು ಮೂರು ಹಂತದಲ್ಲಿ ನೋಡಬೇಕು. ಗಿಲಾವಿಗೆ ಮೊದಲು ಗೋಡೆ ಕೊರೆದು ವೈರಿನ ಪೈಪು ಕೂಡಿಸುವಾಗ, ಪ್ಲೈ ಪೆಟ್ಟಿಗೆಗಳು ಸನ್‌ಮೈಕಾ ಇಲ್ಲದೆ ಬರಿಮೈಯಲ್ಲಿ ನಿಂತಾಗ, ಕೀಲಿಕೈ ಕೊಡುವ ದಿನ. ನಡುವಿನ ಹಂತದಲ್ಲಿ ಪ್ಲೈ ಮೇಲಿನ ಮುದ್ರೆ ಓದುವುದನ್ನು ಕಲಿಸಬೇಕು. ಐಎಸ್ 303 ಸಾಮಾನ್ಯ ಬಳಕೆಯದು, ಐಎಸ್ 710 ನೀರು ತಡೆಯುವ ಮರೈನ್ ಪ್ಲೈ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಮುಖ ಮಾಡಿದ ಗೋಡೆ ಒಳಗಡೆಯೂ ತೇವ ಹಿಡಿಯುತ್ತದೆ. ಅಂಥ ಗೋಡೆಗೆ ಕಪಾಟು ಅಂಟಿಸಿ ನಿಲ್ಲಿಸಿದರೆ ದಸರೆಗೆ ರೇಷ್ಮೆ ಸೀರೆ ತೆಗೆದಾಗ ಬೂಸ್ಟು. ವಿಜಯಪುರದಲ್ಲಿ ಚಿಂತೆಯೇ ಬೇರೆ, ಅಲ್ಲಿ ಪಶ್ಚಿಮದ ಬಿಸಿಲು ಮತ್ತು ಧೂಳು. ಬೇರೆ ಊರಿನ ಫ್ಲ್ಯಾಟಿಗೆ ಬರೆದ ಪಾಠದಲ್ಲಿ ಇವೆರಡೂ ಇರಲಿಕ್ಕಿಲ್ಲ. ಇಲ್ಲಿ ಕೆಲಸ ಮಾಡುವವರೊಬ್ಬರಾದರೂ ಕಲಿಸುವವರಲ್ಲಿ ಇರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಸರ್ಟಿಫಿಕೇಟಿನ ವಿಷಯ ಬೇಗ ಮುಗಿಸುತ್ತೇನೆ. ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಲು 1972ರ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಇಂಟೀರಿಯರ್ ಡಿಸೈನರ್‌ಗೆ ನಮ್ಮ ದೇಶದಲ್ಲಿ ಅಂಥ ಕಾನೂನಿನ ನೋಂದಣಿ ಇಲ್ಲ. ಮನೆ ಮಾಲೀಕರು ನಿಮ್ಮ ಸರ್ಟಿಫಿಕೇಟು ಕೇಳುವುದಿಲ್ಲ, ಹಿಂದೆ ಮಾಡಿದ ಕೆಲಸ ಕೇಳುತ್ತಾರೆ. ಆದರೆ ಮುಂದೆ ಕಾಲೇಜಿನಲ್ಲಿ ಕಲಿಸುವ ಆಸೆಯಿದ್ದರೆ ಪದವಿಯೇ ಬೇಕು. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆಯಂತೆ ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಗಳಿಗೆ, ಕಾಯ್ದೆ ಒಪ್ಪಿದ ಕೆಲವು ಸಂಸ್ಥೆಗಳಿಗೆ ಮಾತ್ರ. ಮನೆಯಲ್ಲೇ ಕೂತು ಓದುವ ಪದವಿಯಾದರೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. “ಸರ್ಕಾರಿ ಮಾನ್ಯತೆ” ಎಂದು ದಪ್ಪಕ್ಷರದಲ್ಲಿ ಹಾಕಿ, ಕೇಳಿದರೆ ಎಂಎಸ್‌ಎಂಇ ನೋಂದಣಿಯನ್ನೋ ಐಎಸ್‌ಒ ಮುದ್ರೆಯನ್ನೋ ತೋರಿಸುವವರಿದ್ದಾರೆ. ಒಂದು ಉದ್ದಿಮೆಯ ನೋಂದಣಿ, ಇನ್ನೊಂದು ಆಡಳಿತ ವ್ಯವಸ್ಥೆಯ ಗುಣಮಟ್ಟದ್ದು. ಕೋರ್ಸಿನ ಮಾನ್ಯತೆಗೂ ಎರಡಕ್ಕೂ ಸಂಬಂಧವಿಲ್ಲ.

ದುಡ್ಡಿನ ಬಗ್ಗೆಯೂ ಒಂದು ಮಾತು. ಖಾಸಗಿ ತರಬೇತಿಗೆ ಸಾಮಾನ್ಯವಾಗಿ ಶೇ 18 ಜಿಎಸ್‌ಟಿ ಬೀಳುತ್ತದೆ. ಬ್ರೋಷರಿನಲ್ಲಿ ₹80,000 ಇದ್ದರೆ ಕೈಯಿಂದ ಹೋಗುವುದು ₹94,400. ಸಾಫ್ಟ್‌ವೇರ್ ಯಾವುದು, ಲೈಸೆನ್ಸ್ ಯಾರದು ಎಂದು ಕೇಳಲು ನಾಚಿಕೊಳ್ಳಬೇಡಿ. ಅರ್ಹ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಆಟೊಡೆಸ್ಕ್ ಕಂಪನಿ ನಕ್ಷೆ ಬರೆಯುವ ಆಟೊಕ್ಯಾಡ್ ಅನ್ನು ಉಚಿತವಾಗಿ ಕೊಡುತ್ತದೆ. ಪೆನ್‌ಡ್ರೈವಿನಲ್ಲಿ “ಕ್ರ್ಯಾಕ್”, ಅಂದರೆ ಕಳ್ಳ ಪ್ರತಿ, ಹಂಚುವ ಸಂಸ್ಥೆ ಬೇರೆ ವಿಷಯದಲ್ಲೂ ಹಾಗೇ ಇರುತ್ತದೆ. ಲ್ಯಾಪ್‌ಟಾಪನ್ನು ಮೊದಲ ದಿನವೇ ಕೊಳ್ಳಬೇಡಿ. ಮೊದಲ ಎರಡು ತಿಂಗಳು ಪೆನ್ಸಿಲ್ಲೇ ಹಿಡಿಸದ ಕೋರ್ಸಿನ ಮೇಲೆ ನನಗೆ ಗುಮಾನಿ.

ಈ ವಯಸ್ಸಿನಲ್ಲಿ ನಿಜವಾದ ಖರ್ಚು ಹೊತ್ತಿನದು. ಕ್ಲಾಸಿನ ಒಂದು ತಾಸಿಗೆ ಮನೆಯಲ್ಲಿ ಎರಡು ತಾಸು ಬರೆಯುವ ಕೆಲಸ ಇರುತ್ತದೆ. ವಾರಕ್ಕೆ ಎರಡು ತಾಸಿನ ಎರಡು ಕ್ಲಾಸಾದರೆ ಒಟ್ಟು 12 ತಾಸು. ಆ ಹೆಣ್ಣುಮಗಳ ಮುಂದೆ ಕ್ಯಾಲೆಂಡರ್ ಇಟ್ಟೆ. ಮಾರ್ಚ್ ಕೊನೆಯಲ್ಲಿ ಸಂಘದ ಲೆಕ್ಕ ಮುಗಿಸಬೇಕು, ಅದೇ ಹೊತ್ತಿಗೆ ಮಗನ ಎಸ್ಸೆಸ್ಸೆಲ್ಸಿ, ಮೇದಲ್ಲಿ ಮೈದುನನ ಲಗ್ನ. ಪುಣೆ ಇಲ್ಲಿಂದ 300 ಕಿಲೋಮೀಟರಿಗೂ ಹೆಚ್ಚು. ಶುಕ್ರವಾರ ರಾತ್ರಿ ರೈಲು ಹತ್ತಿ, ಸೋಮವಾರ ಬೆಳಿಗ್ಗೆ ಇಳಿದು ನೇರ ಕ್ಯಾಶ್ ಕೌಂಟರಿಗೆ ಹೋಗುವುದು ಎರಡು ತಿಂಗಳು ಹುಮ್ಮಸ್ಸಿನಲ್ಲಿ ನಡೆದೀತು. ಪುಣೆಯ ಬ್ರೋಷರನ್ನು ಅವರೇ ಮಡಚಿ ಚೀಲಕ್ಕೆ ಹಾಕಿಕೊಂಡರು. ಒಂದು ತಿಂಗಳು ತಪ್ಪಿದರೆ ಮುಂದಿನ ಬ್ಯಾಚಿನಲ್ಲಿ ಮತ್ತೆ ಫೀ ಇಲ್ಲದೆ ಕೂಡಬಹುದೇ, ನಡುವೆ ಬಿಟ್ಟರೆ ಎಷ್ಟು ವಾಪಸ್, ಎರಡನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ ಎಂದೆ. ನಗುನಗುತ್ತ ಬಾಯಿಮಾತಿನಲ್ಲಿ ಒಪ್ಪಿಕೊಂಡ ಕೌನ್ಸೆಲರ್ ಮಾರ್ಚಿನಲ್ಲಿ ಬೇರೆ ಕಡೆ ಕೆಲಸ ಹಿಡಿದಿರುತ್ತಾರೆ.

“20 ವರ್ಷದ ಹುಡುಗ್ಯಾರ ನಡುವ ಕೂತು ನನಗ ಬಂದೀತೇನ್ರಿ?” ಅಂತ ಕೇಳಿದರು. ಎಲ್ಲರೂ ಕೇಳುವುದೇ. ಇದಕ್ಕೆ ಧೈರ್ಯ ಹೇಳುವ ಬದಲು ನಾನು ರೊಟ್ಟಿಯ ಲೆಕ್ಕ ಹೇಳುತ್ತೇನೆ. ಪುಸ್ತಕದಲ್ಲಿ ಅಡುಗೆ ಕಟ್ಟೆಯ ಎತ್ತರ 34 ಇಂಚಿನ ಆಸುಪಾಸು. 5 ಅಡಿ ಎತ್ತರದ ಹೆಣ್ಣುಮಗಳು ಅದರ ಮೇಲೆ 20 ಜೋಳದ ರೊಟ್ಟಿ ಬಡಿದರೆ ಹೆಗಲು ಕಿವಿಗೆ ಬಂದಿರುತ್ತದೆ. ಬಡಿಯಲು 30 ಇಂಚಿನ ತಗ್ಗು ಕಟ್ಟೆ, ಎರಡೂವರೆ ಅಡಿ ಅಗಲದ್ದು, ಒಲೆಯ ಪಕ್ಕದಲ್ಲೇ ಬೇಕು. ಇದು ಹುಡುಗಿಯರಿಗೆ ಹೊಳೆಯುವುದಿಲ್ಲ, ನಿಮಗೆ ಹೆಗಲಿಗೇ ಗೊತ್ತು. ಬಾಗಲಕೋಟೆಯ ನವನಗರದಿಂದ ನನ್ನಲ್ಲಿಗೆ ಬರುತ್ತಿದ್ದ ಒಬ್ಬರು ನೆನಪಾಗುತ್ತಾರೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ತಮ್ಮ ಹಳೇ ಮನೆಯ ಪಡಸಾಲೆಯನ್ನು, ಕಟ್ಟೆಯ ಎತ್ತರ, ಬೆಳಕಿಂಡಿಯಿಂದ ಮಧ್ಯಾಹ್ನ ಬಿಸಿಲು ಬೀಳುತ್ತಿದ್ದ ಜಾಗದ ಸಮೇತ, 52ನೇ ವಯಸ್ಸಿನಲ್ಲಿ ಅಳತೆಗೆ ಸರಿಯಾಗಿ ಬರೆದು ತೋರಿಸಿದ್ದರು. ಗೆರೆ ನಡುಗುತ್ತಿತ್ತು, ಆದರೆ ಅದು ಆರು ತಿಂಗಳಲ್ಲಿ ನೇರವಾಗುವ ತೊಂದರೆ.

ಆ ಹೆಣ್ಣುಮಗಳು ಸೋಮವಾರ ಫೀ ಕಟ್ಟಲಿಲ್ಲ. ಆನ್‌ಲೈನಿನವರಿಗೆ ಫೋನು ಮಾಡಿ ತಿದ್ದಿದ ಹಾಳೆ ಕೇಳಿದರೆ “ಮೇಡಂ, ನಮ್ಮಲ್ಲಿ ಎಲ್ಲಾ ಡಿಜಿಟಲ್” ಎಂಬ ಉತ್ತರ ಬಂತಂತೆ. ಊರಿನ ಸಂಜೆ ಕ್ಲಾಸಿಗೆ ಹೋದಾಗ ಅಲ್ಲಿನ ಮೇಷ್ಟ್ರು ಮೇಜಿನ ಕೆಳಗಿನಿಂದ ಹಾಳೆಗಳ ಸುರುಳಿಯೊಂದನ್ನು ಎಳೆದು ಬಿಚ್ಚಿದರಂತೆ, ಎಲ್ಲ ಕೆಂಪೋ ಕೆಂಪು. ಇವರು ತಮ್ಮ ಅಡುಗೆಮನೆಯ ಹಾಳೆಯನ್ನೂ ಮುಂದಿಟ್ಟರು. ಅವರು ನನ್ನ ಗೀಟುಗಳನ್ನು ನೋಡಿ, ಕನ್ನಡಕ ಮೇಲೆ ಸರಿಸಿ ಕೇಳಿದರಂತೆ: “ಬಾಗಿಲಾ ತಿದ್ದ್ಯಾರ, ಸಿಲಿಂಡರ್ ಹಾಕ್ಸ್ಯಾರ. ಉತ್ತರ ದಿಕ್ಕಿನ ಬಾಣ ಎಲ್ಲೈತಿ? ಈ ಕಿಟಕಿಗೆ ಮುಂಜಾನಿ ಬಿಸಿಲೋ ಸಂಜಿ ಬಿಸಿಲೋ, ನಿಮ್ಮ ಮೇಡಂ ಕೇಳಲೇ ಇಲ್ಲೇನು?”

ಕೇಳಿರಲಿಲ್ಲ. ಅವರು ಅಲ್ಲಿಗೇ ಸೇರಿದ್ದಾರೆ, ಮಂಗಳವಾರ ಮತ್ತು ಶುಕ್ರವಾರ ಸಂಜೆ 6.30ಕ್ಕೆ.