ಕನಸೆಂದು ಗೊತ್ತಿದ್ದೂ ಭಯ ಯಾಕೆ ಬಿಡುವುದಿಲ್ಲ?

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನವನು. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹಂಗಾಮು ಬಂದರೆ ಪಾಳಿಗಳು ಬದಲಾಗುತ್ತಿರುತ್ತವೆ. ಒಂದು ವಾರ ರಾತ್ರಿಯಿಡೀ ಕೆಲಸ, ಇನ್ನೊಂದು ವಾರ ರಾತ್ರಿ ಹನ್ನೊಂದಕ್ಕೆ ಮನೆ. ತುಂಗಭದ್ರಾ ಡ್ಯಾಮಿನ ಗೇಟು ಕೊಚ್ಚಿಹೋದ ವರ್ಷದಿಂದ ತಿಂಗಳಿಗೆ ಮೂರ್ನಾಲ್ಕು ಸಲ ಒಂದೇ ಕನಸು ಬೀಳುತ್ತಿದೆ. ನೀರು ಮನೆಯೊಳಗೆ ನುಗ್ಗುತ್ತದೆ, ಮಕ್ಕಳು ಒಳಗಿನ ಕೋಣೆಯಲ್ಲಿ ಮಲಗಿರುತ್ತಾರೆ. ಆ ಮನೆ ನಾವು ಎಂದೋ ಕೆಡವಿದ ಮಣ್ಣಿನ ಮಾಳಿಗೆಯ ಮನೆ. ಅದನ್ನು ಕಂಡ ಕೂಡಲೇ ಇದು ಕನಸು ಎಂದು ನನಗೆ ತಿಳಿಯುತ್ತದೆ. ಆದರೂ ಕಾಲು ಏಳುವುದಿಲ್ಲ, ಕೂಗಿದರೆ ದನಿ ಹೊರಡುವುದಿಲ್ಲ. ಒಮ್ಮೊಮ್ಮೆ ಎದ್ದು ಹಾಸಿಗೆಯ ಮೇಲೆ ಕುಳಿತು, ಬದುಕಿದೆ ಎನ್ನುವಷ್ಟರಲ್ಲಿ ಅಲ್ಲಿಗೂ ನೀರು ಬರುತ್ತದೆ. ಕನಸೆಂದು ಗೊತ್ತಿದ್ದ ಮೇಲೂ ಭಯ ಯಾಕೆ ಹೋಗುವುದಿಲ್ಲ? ಆ ಹೊತ್ತಿನಲ್ಲಿ ಏನು ಮಾಡಬೇಕು? ಮನೆಯವರು ತಾಯಿತ ಕಟ್ಟಿಸೋಣ ಎನ್ನುತ್ತಾರೆ. ಇತ್ತೀಚೆಗೆ ಎಂಟು ವರ್ಷದ ಮಗಳೂ ರಾತ್ರಿ ಚೀರಿ ಎದ್ದು ಕೂರುತ್ತಾಳೆ. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ ಎನ್ನುತ್ತಾಳೆ. ನನ್ನದೇ ಅವಳಿಗೂ ತಗುಲಿತೇ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಇಂಥದೇ ಪ್ರಶ್ನೆ ಬಳ್ಳಾರಿ, ಸಿಂಧನೂರು, ಸಿರುಗುಪ್ಪದ ಕಡೆಯಿಂದಲೂ ನನಗೆ ಆಗಾಗ ಬರುತ್ತದೆ, ಆದರೆ ಇಷ್ಟು ಸ್ಪಷ್ಟವಾಗಿ ಬರೆದವರು ಕಡಿಮೆ. ಕನಸೆಂದು ತಿಳಿಯುವುದು ಬೇರೆ, ಕನಸು ನಮ್ಮ ಮಾತು ಕೇಳುವುದು ಬೇರೆ. ಮೊದಲನೆಯದು ಬಂದರೆ ಎರಡನೆಯದು ತಾನಾಗಿ ಬರಬೇಕು ಎಂದು ನೀವು ಎದುರು ನೋಡುತ್ತಿದ್ದೀರಿ. ಅದು ಬಾರದೇ ಇದ್ದಾಗ ನೀರಿನ ಭಯದ ಜೊತೆಗೆ ಸಿಕ್ಕಿಹಾಕಿಕೊಂಡ ಭಯವೂ ಸೇರಿಕೊಳ್ಳುತ್ತದೆ. ಮೊದಲು ಇಳಿಸಬೇಕಾದದ್ದು ಈ ಎರಡನೆಯ ಭಯವನ್ನು.

ಕನಸು ಕಾಣುತ್ತಿರುವಾಗಲೇ ಇದು ಕನಸು ಎಂಬ ಅರಿವು ಇರುವುದು ರೋಗವೂ ಅಲ್ಲ, ಹೊಸದೂ ಅಲ್ಲ. ನಿದ್ದೆಯಲ್ಲಿರುವವನ ಒಳಗೆ ಏನೋ ಒಂದು ‘ಇದು ಬರೀ ಕನಸು’ ಎಂದು ಹೇಳುವುದುಂಟು ಎಂದು ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬರೆದಿದ್ದಾನೆ. ಟಿಬೆಟಿನ ಬೌದ್ಧ ಸಾಧಕರು ಇದನ್ನೇ ಒಂದು ಸಾಧನೆಯಾಗಿ ಬೆಳೆಸಿದರು. ಡಚ್ ಮನೋವೈದ್ಯ ಫ್ರೆಡೆರಿಕ್ ವ್ಯಾನ್ ಈಡನ್ 1913ರಲ್ಲಿ ಇದನ್ನು ‘ಲ್ಯೂಸಿಡ್ ಡ್ರೀಮ್’ ಎಂದು ಕರೆದರು. ನಾವು ಅರಿವಿನ ಕನಸು ಎನ್ನೋಣ.

ಕಾಲು ಏಳದಿರುವುದಕ್ಕೂ ದನಿ ಹೊರಡದಿರುವುದಕ್ಕೂ ಕಾರಣ ನಿದ್ದೆಯ ರಚನೆಯಲ್ಲಿಯೇ ಇದೆ. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುವ ನಿದ್ದೆಯೊಂದಿದೆ ಎಂಬುದನ್ನು ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದರು. ಅದಕ್ಕೆ ರೆಮ್ ನಿದ್ದೆ ಎಂದು ಹೆಸರು. ಸುಮಾರು 90 ನಿಮಿಷಕ್ಕೊಮ್ಮೆ ಅದು ಬಂದು ಹೋಗುತ್ತದೆ, ಬೆಳಗಾಗುತ್ತ ಬಂದಂತೆ ದೀರ್ಘವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಮ್ಮ ಹಿರಿಯರ ನಂಬಿಕೆಗೂ ಇದೇ ಮೂಲವಿರಬಹುದು ಎಂದು ನನಗೆ ಅನಿಸುತ್ತದೆ, ಏಕೆಂದರೆ ಆ ಹೊತ್ತಿನ ಕನಸು ಉದ್ದವಾಗಿರುತ್ತದೆ, ಕಣ್ಣಿಗೆ ಕಟ್ಟಿದಂತಿರುತ್ತದೆ ಮತ್ತು ಎದ್ದ ಮೇಲೂ ನೆನಪಿನಲ್ಲಿ ಉಳಿಯುತ್ತದೆ. ಈ ನಿದ್ದೆಯಲ್ಲಿ ಮಿದುಳು ಕೈಕಾಲಿನ ಸ್ನಾಯುಗಳನ್ನು ಸಡಿಲಗೊಳಿಸಿ ಕಟ್ಟಿಹಾಕಿರುತ್ತದೆ. ಹಾಗೆ ಮಾಡದಿದ್ದರೆ ಕನಸಿನಲ್ಲಿ ಓಡುವವರು ಹಾಸಿಗೆಯಿಂದಲೇ ಓಡಿಬಿಡುತ್ತಿದ್ದರು. ಈ ಕಟ್ಟಿನ ನೆರಳು ಕನಸಿನೊಳಗೂ ಬಿದ್ದು, ಕಾಲು ಕೆಸರಿನಲ್ಲಿ ಹೂತಂತೆ, ಗಂಟಲು ಒತ್ತಿ ಹಿಡಿದಂತೆ ಅನಿಸುತ್ತದೆ ಎಂಬುದು ಹಲವು ತಜ್ಞರ ಅಭಿಪ್ರಾಯ. ಹೀಗಿರುವಾಗ ಕಾಲು ಏಳಲಿಲ್ಲವೆಂದರೆ ನಿಮ್ಮ ಧೈರ್ಯ ಸಾಲಲಿಲ್ಲ ಎಂದು ಅರ್ಥವಲ್ಲ. ದೇಹ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ ಎಂದು ಅರ್ಥ.

ಭಯದ ವಿಷಯವೂ ಹೀಗೆಯೇ. ರೆಮ್ ನಿದ್ದೆಯಲ್ಲಿ ಭಯ, ದುಃಖಗಳನ್ನು ಹುಟ್ಟಿಸುವ ಮಿದುಳಿನ ಭಾಗಗಳು ಚುರುಕಾಗಿರುತ್ತವೆ, ತೂಗಿ ನೋಡಿ ತೀರ್ಮಾನಿಸುವ ಹಣೆಯ ಹಿಂದಿನ ಭಾಗ ಮಂಕಾಗಿರುತ್ತದೆ. ‘ಈ ಮನೆಯನ್ನು ನಾವು ಕೆಡವಿದ್ದೇವಲ್ಲ’ ಎಂದು ನಿಮಗೆ ಹೊಳೆದಾಗ ಆ ಮಂಕಾದ ಭಾಗ ಸ್ವಲ್ಪ ಕಣ್ಣು ತೆರೆದಿದೆ, ಅಷ್ಟೇ. ಭಯ ಹುಟ್ಟಿಸುವ ಭಾಗಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ರೆಮ್ ನಿದ್ದೆಯಲ್ಲಿ ಸ್ನಾಯುಗಳನ್ನು ಕಟ್ಟಿಹಾಕುವಾಗ ಮಿದುಳು ಬಿಟ್ಟುಬಿಡುವುದು ಮುಖ್ಯವಾಗಿ ಉಸಿರಾಟದ ಸ್ನಾಯುವನ್ನು ಮತ್ತು ಕಣ್ಣನ್ನು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ 1975ರಲ್ಲಿ ಇದನ್ನೇ ಉಪಯೋಗಿಸಿಕೊಂಡು, ಕನಸಿನಲ್ಲಿ ಅರಿವು ಬಂದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಇಂತಿಷ್ಟು ಸಲ ಹೊರಳಿಸುವಂತೆ ಒಬ್ಬರಿಗೆ ಮೊದಲೇ ಹೇಳಿಟ್ಟಿದ್ದರು. ರೆಮ್ ನಿದ್ದೆಯಲ್ಲಿದ್ದ ಆ ವ್ಯಕ್ತಿಯ ಕಣ್ಣಿನ ಸಂಕೇತ ಯಂತ್ರದ ಕಾಗದದ ಮೇಲೆ ಮೂಡಿತು. ಸ್ವಲ್ಪ ಕಾಲದ ನಂತರ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜ್ ಕೂಡ ಇದನ್ನು ಸ್ವತಂತ್ರವಾಗಿ ತೋರಿಸಿದರು. ನಿಮಗೆ ಇದರಿಂದ ಒದಗುವ ಪ್ರಯೋಜನ ಇಷ್ಟು: ಕನಸಿನಲ್ಲಿ ಕಾಲಿನ ಮೇಲೆ, ದನಿಯ ಮೇಲೆ ಬಲ ಹಾಕಬೇಡಿ, ಕಣ್ಣು ಮತ್ತು ಉಸಿರನ್ನು ಹಿಡಿಯಿರಿ. ಎಚ್ಚರಗೊಳ್ಳಲೇಬೇಕು ಎನಿಸಿದರೆ ಕನಸಿನಲ್ಲಿ ಕಾಣುವ ಒಂದೇ ಬಿಂದುವನ್ನು, ಉದಾಹರಣೆಗೆ ಆ ಹಳೆಯ ಮನೆಯ ಬಾಗಿಲ ಚಿಲಕವನ್ನು, ರೆಪ್ಪೆ ಬಡಿಯದೆ ದಿಟ್ಟಿಸಿ ನೋಡಿ. ಹೀಗೆ ದೃಷ್ಟಿ ನೆಟ್ಟಾಗ ಕನಸು ಕೆಲವೇ ಸೆಕೆಂಡುಗಳಲ್ಲಿ ಕದಡಿ ಎಚ್ಚರವಾಗುವುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೌಲ್ ಥೋಲೈ ಗುರುತಿಸಿದ್ದರು.

ಎದ್ದು ಕುಳಿತಂತೆ ಅನಿಸಿದ ಮೇಲೂ ನೀರು ಬರುವುದು ಹುಸಿ ಎಚ್ಚರ. ಅದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಎರಡು ಬೆರಳಿನಿಂದ ಮೂಗನ್ನು ಬಿಗಿಯಾಗಿ ಹಿಡಿದು, ಬಾಯಿ ಮುಚ್ಚಿ ಉಸಿರೆಳೆದು ನೋಡಿ. ನಿಜವಾಗಿ ಎಚ್ಚರವಿದ್ದರೆ ಉಸಿರು ಬರುವುದಿಲ್ಲ. ಕನಸಿನಲ್ಲಿ ಹಿಡಿದದ್ದು ಕನಸಿನ ಮೂಗು, ಹಾಸಿಗೆಯಲ್ಲಿರುವ ನಿಮ್ಮ ಮೂಗು ತೆರೆದೇ ಇರುತ್ತದೆ, ಆದ್ದರಿಂದ ಉಸಿರು ಸರಾಗವಾಗಿ ಓಡಾಡುತ್ತದೆ. ಹಗಲಿನಲ್ಲಿ ನಾಲ್ಕೈದು ಸಲ ಇದನ್ನು ಮಾಡಿ ಅಭ್ಯಾಸವಾದರೆ ಕನಸಿನಲ್ಲಿಯೂ ಕೈ ತಾನಾಗಿ ಮೂಗಿಗೆ ಹೋಗುತ್ತದೆ.

ಆದರೆ ಓಡಿಹೋಗುವುದು, ಎಚ್ಚರಗೊಳ್ಳಲು ಹೆಣಗುವುದು ನನ್ನ ಮೊದಲ ಸಲಹೆಯಲ್ಲ. ಹೆಣಗಿ ಎಚ್ಚರಗೊಂಡ ಕನಸು ಅರ್ಧಕ್ಕೇ ನಿಲ್ಲುತ್ತದೆ, ಭಯ ಅದೇ ಬಿಂದುವಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಥೋಲೈ ಅವರ ಸಲಹೆಯೂ ಅಟ್ಟಿ ಬರುವುದಕ್ಕೆ ಬೆನ್ನು ಹಾಕದೆ ಮುಖ ಕೊಡಿ, ಸಾಧ್ಯವಾದರೆ ಮಾತನಾಡಿಸಿ ಎಂಬುದೇ. ಇದನ್ನು ನನ್ನ ಅನುಭವದಿಂದಲೂ ಹೇಳಬಲ್ಲೆ. ತಂದೆ ತೀರಿಕೊಂಡ ನಂತರ ಹಲವು ವರ್ಷ ನನಗೆ ಒಂದೇ ಕನಸು ಬೀಳುತ್ತಿತ್ತು: ಬಳ್ಳಾರಿಯ ಕೋಟೆ ಗುಡ್ಡದ ಮೆಟ್ಟಿಲುಗಳನ್ನು ನಾನು ಓಡಿ ಇಳಿಯುತ್ತಿರುತ್ತೇನೆ, ಹಿಂದೆ ಯಾರದೋ ಹೆಜ್ಜೆ, ಮೆಟ್ಟಿಲು ಮುಗಿಯುವುದೇ ಇಲ್ಲ. ಮುಗಿಯದ ಮೆಟ್ಟಿಲಿನಿಂದಲೇ ಅದು ಕನಸು ಎಂದು ನನಗೂ ಗೊತ್ತಾಗುತ್ತಿತ್ತು. ತಿರುಗಿ ನಿಂತು ‘ಯಾರು ನೀನು, ಏನು ಬೇಕು’ ಎಂದು ಕೇಳಬೇಕೆಂದು ಹಗಲಿನಲ್ಲಿ ಬರೆದಿಟ್ಟುಕೊಂಡು, ದಿನವೂ ಮನಸ್ಸಿನಲ್ಲಿ ಆಡಿ ನೋಡಿದೆ. ಮೂರು ವಾರದ ಮೇಲೆ ಕನಸು ಬಂದಾಗ ಬಾಯಿ ಏಳಲಿಲ್ಲ. ಕುಳಿತುಕೊಂಡೆ, ಅಷ್ಟೇ. ಬಿಸಿಲಿಗೆ ಕಾದ ಬಂಡೆಯ ಬಿಸಿ ಸೀರೆಯ ಮೂಲಕ ತಾಗಿದ್ದು ಇಂದಿಗೂ ನೆನಪಿದೆ. ಹೆಜ್ಜೆಗಳು ನನ್ನ ಪಕ್ಕದಿಂದಲೇ ಇಳಿದು ಹೋದವು. ಆಮೇಲೆ ಆ ಕನಸು ಎರಡು ಸಲ ಬಂದಿದೆ, ಓಡಿದ್ದು ಒಂದು ಸಲವೂ ಇಲ್ಲ.

ನನ್ನನ್ನು ಕೂರಿಸಿದ್ದು ಆ ರಾತ್ರಿಯ ಅರಿವಿಗಿಂತ ಹೆಚ್ಚಾಗಿ ಹಗಲಿನ ಅಭ್ಯಾಸ ಎಂದು ನಾನು ನಂಬಿದ್ದೇನೆ. ನೆದರ್ಲೆಂಡ್ಸಿನಲ್ಲಿ 23 ಜನರನ್ನು ಸೇರಿಸಿಕೊಂಡು, ಅವರಲ್ಲಿ ಕೆಲವರಿಗೆ ಅರಿವಿನ ಕನಸಿನ ತರಬೇತಿ ಕೊಟ್ಟು 2006ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಕೆಟ್ಟ ಕನಸುಗಳು ಕಡಿಮೆಯಾದವು, ಆದರೆ ಹಾಗೆ ಕಡಿಮೆಯಾಗಲು ಕನಸಿನಲ್ಲಿ ಅರಿವು ಬರಲೇಬೇಕೆಂದಿರಲಿಲ್ಲ. ಹಗಲಿನಲ್ಲಿ ಕನಸನ್ನು ತಿದ್ದಿ ಬರೆದು ಮನಸ್ಸಿನಲ್ಲಿ ಆಡಿ ನೋಡುವ ಕ್ರಮಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರವಿದೆ. ಅಮೆರಿಕದ ವೈದ್ಯ ಬ್ಯಾರಿ ಕ್ರ್ಯಾಕೋ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಮಹಿಳೆಯರೊಂದಿಗೆ ಇದನ್ನು ಪರೀಕ್ಷಿಸಿ, ಕೆಟ್ಟ ಕನಸುಗಳು ಕಡಿಮೆಯಾದುದನ್ನು 2001ರಲ್ಲಿ ಪ್ರಕಟಿಸಿದರು. ಇಂದು ದುಃಸ್ವಪ್ನದ ತೊಂದರೆಗೆ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ ಶಿಫಾರಸು ಮಾಡುವ ಚಿಕಿತ್ಸೆಯೂ ಇದೇ.

ಮಾಡುವ ಬಗೆ ಹೀಗೆ. ಹಾಸಿಗೆಯ ಹತ್ತಿರ ಬೇಡ, ಹಗಲು ಹೊತ್ತಿನಲ್ಲಿ ಕುಳಿತು ಕನಸನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಆಮೇಲೆ ಅದರಲ್ಲಿ ನಿಮಗೆ ಬೇಕಾದ ಬದಲಾವಣೆ ಮಾಡಿ. ನೀರನ್ನೇ ತೆಗೆದುಹಾಕಬೇಕೆಂದಿಲ್ಲ. ಬಾಗಿಲಿಗೆ ಆನೆಗೊಂದಿಯ ಹರಿಗೋಲೊಂದು ತಿರುಗುತ್ತ ತಿರುಗುತ್ತ ಬಂದು ನಿಲ್ಲಬಹುದು, ನೀವು ಮಕ್ಕಳನ್ನು ಒಬ್ಬೊಬ್ಬರಾಗಿ ಅದರೊಳಗೆ ಎತ್ತಿ ಕೂರಿಸಬಹುದು. ಇಲ್ಲವೆ ನೀರು ನಾಟಿ ಮಾಡಿದ ಗದ್ದೆಯಲ್ಲಿ ನಿಲ್ಲುವಂತೆ ಹಿಮ್ಮಡಿಯವರೆಗೆ ಬಂದು ನಿಲ್ಲಬಹುದು. ಇವು ನನಗೆ ಹೊಳೆದವು. ನಿಮಗೆ ಹೊಳೆದದ್ದೇ ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ತಿದ್ದಿದ ಕನಸನ್ನು ದಿನಕ್ಕೆ ಹತ್ತು ಹದಿನೈದು ನಿಮಿಷ, ಬಣ್ಣ, ಸದ್ದು, ನೀರಿನ ತಂಪು ಎಲ್ಲವೂ ಸೇರಿ ಬರುವಂತೆ ಮನಸ್ಸಿನಲ್ಲಿ ಕಾಣಿರಿ. ಹಳೆಯ ಕನಸನ್ನು ಮತ್ತೆ ಮತ್ತೆ ಮೆಲುಕು ಹಾಕಬೇಡಿ. ಮುಂದಿನ ಸಲ ಆ ಹಳೆಯ ಮನೆ ಕಂಡು ‘ಇದು ಕನಸು’ ಎಂದು ಹೊಳೆದಾಗ ನೀವು ಹುಡುಕಬೇಕಾದದ್ದು ಎಚ್ಚರವನ್ನಲ್ಲ, ಆ ಹರಿಗೋಲನ್ನು. ಅದು ಸಿಗದಿದ್ದರೂ ಉಸಿರನ್ನು ನಿಧಾನವಾಗಿ ಬಿಡುತ್ತ, ನೀರು ಏನು ಮಾಡುತ್ತದೆಂದು ನಿಂತು ನೋಡಿದರೆ ಸಾಕು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನದಿಪಾತ್ರದ ಊರುಗಳಲ್ಲಿ ಎಷ್ಟೋ ಮಂದಿ ಕಣ್ಣು ಮುಚ್ಚಲಿಲ್ಲ. ಅಂಥ ರಾತ್ರಿಯ ನಂತರ ನೀರಿನ ಕನಸು ಬೀಳುವುದು ಅಪಶಕುನವಲ್ಲ, ಮಕ್ಕಳಿರುವ ತಂದೆಯ ಮನಸ್ಸು ಆ ಭಯವನ್ನು ಇನ್ನೂ ಜೀರ್ಣಿಸಿಕೊಳ್ಳುತ್ತಿದೆ. ತಾಯಿತ ಕಟ್ಟಿಸಿಕೊಂಡು ನೆಮ್ಮದಿಯಿಂದ ಮಲಗುವಂತಾದರೆ ನನ್ನ ತಕರಾರೇನೂ ಇಲ್ಲ, ಅದಕ್ಕಾಗಿ ಸಾಲ ಮಾಡುವುದು ಮತ್ತು ವೈದ್ಯರ ಬಳಿ ಹೋಗುವುದನ್ನು ಮುಂದೂಡುವುದು ಮಾತ್ರ ಬೇಡ.

ಪಾಳಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿದ್ದೆ ಕೆಟ್ಟ ಕೆಲವು ದಿನಗಳ ನಂತರ ರೆಮ್ ನಿದ್ದೆ ಬಾಕಿ ವಸೂಲಿಗೆ ಬಂದಂತೆ ಒತ್ತೊತ್ತಾಗಿ ಬರುತ್ತದೆ, ಕನಸುಗಳೂ ತೀವ್ರವಾಗುತ್ತವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮಾಡುವವರಿಗೂ ಈ ಮಾತು ಸಲ್ಲುತ್ತದೆ. ಅರಿವಿನ ಕನಸು ತರಿಸಿಕೊಳ್ಳಲು ನಡುರಾತ್ರಿ ಅಲಾರಂ ಇಟ್ಟು ಎದ್ದು ಮತ್ತೆ ಮಲಗಿ ಎಂದು ಹೇಳುವ ವಿಡಿಯೊಗಳಿವೆ. ಮೊದಲೇ ನಿದ್ದೆ ಕಡಿಮೆ ಇರುವ ನಿಮ್ಮಂಥವರು ದಯವಿಟ್ಟು ಅದನ್ನು ಮಾಡಬೇಡಿ. ಕನಸು ಯಾವುದು ನಿಜ ಯಾವುದು ಎಂಬ ಗೊಂದಲ ಹಗಲಿನಲ್ಲಿಯೂ ಇರುವವರು, ಹಿಂದೆ ಮನೋವಿಕಾರಕ್ಕೆ ಚಿಕಿತ್ಸೆ ಪಡೆದವರು ಈ ಅಭ್ಯಾಸಗಳಿಗೆ ಕೈಹಾಕುವ ಮೊದಲು ವೈದ್ಯರನ್ನು ಕೇಳಲೇಬೇಕು. ಹಾಗೆಯೇ ಪ್ರೊಪ್ರನೊಲಾಲ್‌ನಂಥ ಬಿ.ಪಿ. ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು, ಕುಡಿತವನ್ನು ಒಮ್ಮೆಲೇ ಬಿಟ್ಟದ್ದು ಕೂಡ ಕೆಟ್ಟ ಕನಸನ್ನು ತರಬಲ್ಲವು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟವರಿಗೆ ತಿಳಿಸಿ.

ಕನಸು ವಾರಕ್ಕೊಮ್ಮೆಗಿಂತ ಹೆಚ್ಚಾದರೆ, ಮಲಗಲು ಹೆದರಿಕೆ ಶುರುವಾದರೆ, ಹಗಲಿನ ಲೆಕ್ಕ ತಪ್ಪತೊಡಗಿದರೆ ಕಾಯಬೇಡಿ. ಕನಸಿನ ಹೊಡೆದಾಟಕ್ಕೆ ತಕ್ಕಂತೆ ನಿದ್ದೆಯಲ್ಲಿ ನಿಜವಾಗಿಯೇ ಒದೆಯುವ, ಗುದ್ದುವ ಹಿರಿಯರಿದ್ದರೆ ಅವರನ್ನೂ ನರರೋಗ ತಜ್ಞರಿಗೆ ತೋರಿಸಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಮನಸ್ಸಿನ ಕಾಯಿಲೆಗೆ ಆಸ್ಪತ್ರೆಗೆ ಹೋಗಲು ನಾಚುವ ನಮ್ಮ ಜನ ಒಂದು ಸಂಗತಿಯನ್ನು ತಿಳಿದಿರಬೇಕು: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ರೂಪಿಸಿ ನೋಡಿದ್ದು ಬಳ್ಳಾರಿ ಜಿಲ್ಲೆಯಲ್ಲಿಯೇ, ಮತ್ತು 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ಹೋದದ್ದು ಆ ಬಳ್ಳಾರಿ ಮಾದರಿಯೇ.

ಇನ್ನು ನಿಮ್ಮ ಮಗಳು. ನಿಮ್ಮದು ಅವಳಿಗೆ ತಗುಲಿಲ್ಲ. ಚೀರಿ ಎದ್ದು ಕುಳಿತು ಬೆಳಿಗ್ಗೆ ಏನೂ ನೆನಪಿಲ್ಲದಿರುವುದು ಕೆಟ್ಟ ಕನಸಿನ ಲಕ್ಷಣವಲ್ಲ. ಅದು ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಿಂದ ಅರೆಬರೆ ಎಚ್ಚರಗೊಳ್ಳುವಾಗ ಮಕ್ಕಳಲ್ಲಿ ಕಾಣುವ ಬೆಚ್ಚುವಿಕೆ, ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತ ಹೋದಂತೆ ತಾನಾಗಿ ನಿಲ್ಲುತ್ತದೆ. ಅಲುಗಾಡಿಸಿ ಎಬ್ಬಿಸಬೇಡಿ, ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿ ಕುಳಿತಿರಿ, ಮತ್ತೆ ಮಲಗುತ್ತಾಳೆ. ಇದು ದಿನವೂ ಒಂದೇ ವೇಳೆಗೆ ಆಗುತ್ತಿದ್ದರೆ ಅದಕ್ಕೆ ಕಾಲು ಗಂಟೆ ಮೊದಲು ಮೆಲ್ಲಗೆ ಎಬ್ಬಿಸಿ ಮತ್ತೆ ಮಲಗಿಸುವುದರಿಂದ ಹಲವು ಮಕ್ಕಳಿಗೆ ಉಪಯೋಗವಾಗಿದೆ. ಗಾಢ ನಿದ್ದೆಯ ಹೊತ್ತಿನಲ್ಲಿ ಆಗುವ ಸದ್ದೂ ಈ ಬೆಚ್ಚುವಿಕೆಗೆ ಕಾರಣವಾಗಬಲ್ಲದು. ಅವಳು ಚೀರುವುದು ನೀವು ಹನ್ನೊಂದಕ್ಕೆ ಪಾಳಿ ಮುಗಿಸಿ ಬಂದು ಬಾಗಿಲು ತೆಗೆಯುವ ಹೊತ್ತಿಗೇ ಏನು ಎಂಬುದನ್ನು ಒಂದು ವಾರ ಗಮನಿಸಿ, ಚಿಲಕಕ್ಕೆ ಎರಡು ಹನಿ ಎಣ್ಣೆ ಬಿಟ್ಟು ನೋಡಿ.