ಊರು ಬಿಟ್ಟ ಪ್ರಶಸ್ತಿ: ಹಾಂಗ್‌ಕಾಂಗ್‌ನ ‘ಹ್ಯೂಮನ್ ರೈಟ್ಸ್ ಪ್ರೆಸ್ ಅವಾರ್ಡ್ಸ್’ ಹಿನ್ನೆಲೆ

ಏಷ್ಯಾದಲ್ಲಿ ಮಾನವ ಹಕ್ಕುಗಳ ಬಗ್ಗೆ ಬರೆಯುವವರಿಗೆ ಸಲ್ಲುವ ‘ಹ್ಯೂಮನ್ ರೈಟ್ಸ್ ಪ್ರೆಸ್ ಅವಾರ್ಡ್ಸ್’ ಹುಟ್ಟಿ ಬೆಳೆದದ್ದು ಹಾಂಗ್‌ಕಾಂಗ್‌ನಲ್ಲಿ. 2022ರಲ್ಲಿ ಅದು ನಿಂತಿತು, 2023ರಲ್ಲಿ ಅಮೆರಿಕದಿಂದ ಮತ್ತೆ ಶುರುವಾಯಿತು. ನಿಲ್ಲಿಸಿದ್ದು ಯಾರು, ಉಳಿಸಿದ್ದು ಯಾರು ಎಂಬ ಚರ್ಚೆಯಲ್ಲಿ ಘಟನೆಗಳ ಕ್ರಮವೇ ಕಲಸಿಹೋಗಿದೆ.

ಇಂಥ ಗೌರವಕ್ಕೂ ಅಧಿಕಾರಕ್ಕೂ ಜಗಳ ಹಳೆಯದು. ಜರ್ಮನಿಯ ಗುಪ್ತ ಸೇನಾ ಸಿದ್ಧತೆಯನ್ನು ಬಯಲಿಗೆಳೆದ ಪತ್ರಕರ್ತ ಕಾರ್ಲ್ ಫಾನ್ ಒಸಿಯೆಟ್ಸ್ಕಿ ಅವರಿಗೆ 1935ರ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅವರನ್ನು ಓಸ್ಲೋಗೆ ಹೋಗಲು ಬಿಡಲಿಲ್ಲ. 1997ರಲ್ಲಿ ಯುನೆಸ್ಕೋ ಆರಂಭಿಸಿದ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿಯ ಹೆಸರಿನಲ್ಲಿರುವುದು ಬೊಗೋಟಾದಲ್ಲಿ 1986ರಲ್ಲಿ ಹತ್ಯೆಯಾದ ಸಂಪಾದಕ ಗಿಲೆರ್ಮೊ ಕಾನೊ.

ಹಾಂಗ್‌ಕಾಂಗ್‌ನ ಪ್ರಶಸ್ತಿ ಮೊದಲಾದದ್ದು ತೊಂಬತ್ತರ ದಶಕದ ನಡುವೆ, ಬ್ರಿಟಿಷರು ನಗರವನ್ನು ಚೀನಾಕ್ಕೆ ಒಪ್ಪಿಸುವ ಮೊದಲೇ. ಜೊತೆಗೂಡಿದ್ದು ಮೂರು ಸಂಸ್ಥೆಗಳು: ವಿದೇಶಿ ವರದಿಗಾರರ ಕ್ಲಬ್, ಸ್ಥಳೀಯ ಪತ್ರಕರ್ತರ ಸಂಘ ಮತ್ತು ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ. ಇಂಗ್ಲಿಷ್ ಮತ್ತು ಚೀನಿ ಎರಡೂ ಭಾಷೆಗಳ ಕೆಲಸಕ್ಕೆ ಅಲ್ಲಿ ಜಾಗವಿತ್ತು. ಚೀನಿ ಭಾಷೆಗೆ ಸಿಕ್ಕ ಜಾಗವೇ ಮುಖ್ಯ. ಇಂಗ್ಲಿಷಿನಲ್ಲಿ ಬರೆಯುವವರನ್ನು ಗುರುತಿಸಲು ಜಗತ್ತಿನಲ್ಲಿ ವೇದಿಕೆಗಳಿಗೆ ಬರವಿಲ್ಲ. 1997ರ ನಂತರವೂ ನಗರದ ಸಂವಿಧಾನದಂತಿರುವ ಮೂಲ ಕಾಯ್ದೆಯ 27ನೇ ವಿಧಿ ಪತ್ರಿಕಾ ಸ್ವಾತಂತ್ರ್ಯದ ಭರವಸೆ ಕೊಟ್ಟಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಪ್ರಶಸ್ತಿ ನಡೆದುಕೊಂಡು ಬಂತು.

ನಂತರದ ಮೂರು ವರ್ಷಗಳನ್ನು ಮಾತ್ರ ನಿಧಾನವಾಗಿ ನೋಡಬೇಕು.

ನಗರದಲ್ಲಿ ಸರ್ಕಾರದ ವಿರುದ್ಧ ಪ್ರತಿಭಟನೆಗಳು ನಡೆಯುತ್ತಿದ್ದ 2019ರ ಜುಲೈ 21ರ ರಾತ್ರಿ ಯುಯೆನ್ ಲಾಂಗ್ ರೈಲು ನಿಲ್ದಾಣದಲ್ಲಿ ಬಿಳಿ ಅಂಗಿಯ ಗುಂಪೊಂದು ದೊಣ್ಣೆ ಹಿಡಿದು ಪ್ರಯಾಣಿಕರ ಮೇಲೆ ಬಿತ್ತು. ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಎಚ್‌ಕೆಗಾಗಿ ಪತ್ರಕರ್ತೆ ಬಾವೊ ಚಾಯ್ ಈ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಆ ದಿನದ ದೃಶ್ಯಗಳಲ್ಲಿ ಕಂಡ ವಾಹನಗಳ ನಂಬರ್ ಪ್ಲೇಟ್ ಹಿಡಿದು ಸರ್ಕಾರಿ ದಾಖಲೆಯಲ್ಲಿ ಮಾಲೀಕರನ್ನು ಹುಡುಕಿದ್ದು ಅದರ ತಿರುಳು. ಅರ್ಜಿಯಲ್ಲಿ ಉದ್ದೇಶ ತಿಳಿಸುವ ಕಡೆ ‘ಪತ್ರಿಕೋದ್ಯಮ’ ಎಂಬ ಆಯ್ಕೆಯೇ ಇರಲಿಲ್ಲ. ಅವರು ಸಂಚಾರ, ಸಾರಿಗೆ ಸಂಬಂಧಿತ ಇತರ ವಿಷಯ ಎಂದು ಗುರುತು ಹಾಕಿದರು. ಸುಳ್ಳು ಹೇಳಿಕೆ ಕೊಟ್ಟರೆಂದು 2021ರ ಏಪ್ರಿಲ್‌ನಲ್ಲಿ ನ್ಯಾಯಾಲಯ 6,000 ಹಾಂಗ್‌ಕಾಂಗ್ ಡಾಲರ್ ದಂಡ ಹಾಕಿತು. ಮರುತಿಂಗಳು ಅದೇ ಸಾಕ್ಷ್ಯಚಿತ್ರಕ್ಕೆ ಮಾನವ ಹಕ್ಕು ಪ್ರಶಸ್ತಿ ಬಂತು. ಆರ್‌ಟಿಎಚ್‌ಕೆ ಅದನ್ನು ಸ್ವೀಕರಿಸಲಿಲ್ಲ. ನ್ಯಾಯಾಲಯ ತಪ್ಪೆಂದ ಹುಡುಕಾಟವನ್ನೇ ವೃತ್ತಿಬಾಂಧವರು ಮೆಚ್ಚಿದ್ದರು.

ಅಷ್ಟರಲ್ಲಿ, 2020ರ ಜೂನ್ ಕೊನೆಯಲ್ಲಿ ಬೀಜಿಂಗ್ ಹೇರಿದ ರಾಷ್ಟ್ರೀಯ ಭದ್ರತಾ ಕಾಯ್ದೆ ನಗರದ ಗಾಳಿಯನ್ನೇ ಬದಲಿಸಿತ್ತು. 2021ರ ಜೂನ್‌ನಲ್ಲಿ ಪ್ರಜಾಪ್ರಭುತ್ವ ಪರ ಪತ್ರಿಕೆ ಆ್ಯಪಲ್ ಡೈಲಿ ಮುಚ್ಚಿತು. ಅಕ್ಟೋಬರ್‌ನಲ್ಲಿ ಆಮ್ನೆಸ್ಟಿ ತನ್ನ ಕಚೇರಿಗೆ ಬೀಗ ಹಾಕಿತು; ಪ್ರಶಸ್ತಿಯ ಒಂದು ಕಾಲು ಅಲ್ಲಿಗೆ ಮುರಿಯಿತು. ಡಿಸೆಂಬರ್ 29ರಂದು ಪೊಲೀಸ್ ದಾಳಿಯಾಗಿ ಸುದ್ದಿ ಜಾಲತಾಣ ಸ್ಟ್ಯಾಂಡ್ ನ್ಯೂಸ್ ಕೂಡ ನಿಂತಿತು. ಆ ವರ್ಷದ ಕೆಲಸಕ್ಕಾಗಿ ಹಲವು ಗೌರವಗಳು ಸಿಗಬೇಕಿದ್ದದ್ದು ಇದೇ ಸ್ಟ್ಯಾಂಡ್ ನ್ಯೂಸ್‌ಗೆ.

2022ರ ಏಪ್ರಿಲ್ 25ರಂದು ವಿದೇಶಿ ವರದಿಗಾರರ ಕ್ಲಬ್ ಪ್ರಶಸ್ತಿಯನ್ನು ತಡೆಹಿಡಿದಿರುವುದಾಗಿ ತಿಳಿಸಿತು. ಹೊಸ ‘ಕೆಂಪು ಗೆರೆ’ಗಳು ಎಲ್ಲಿವೆ ಎಂಬುದು ಸ್ಪಷ್ಟವಿಲ್ಲ, ಅರಿಯದೆ ಕಾನೂನು ಮೀರಲು ಇಷ್ಟವಿಲ್ಲ ಎಂಬುದು ಅದು ಕೊಟ್ಟ ಕಾರಣ. ಕ್ಲಬ್ಬಿನ ಪತ್ರಿಕಾ ಸ್ವಾತಂತ್ರ್ಯ ಸಮಿತಿಯ ಕೆಲವರು ರಾಜೀನಾಮೆ ಕೊಟ್ಟರು. ಸಿಬ್ಬಂದಿ, ಸದಸ್ಯರ ಹೊಣೆ ಹೊತ್ತವರ ಭಯವನ್ನು ದೂರದಲ್ಲಿ ಕೂತು ಹೀಗಳೆಯುವುದು ಸರಿಯಲ್ಲ. ಆದರೆ ಆ ತೀರ್ಮಾನದ ಬೆಲೆ ತೆತ್ತವರು ಬೇರೆ. ಕೆಲಸ ಕಳೆದುಕೊಂಡು, ಮೊಕದ್ದಮೆ ಎದುರಿಸುತ್ತಿದ್ದ ವರದಿಗಾರರಿಗೆ ಪ್ರಶಸ್ತಿಯೆಂದರೆ ಫಲಕವಲ್ಲ, ಗುಂಪು ಫೋಟೊ ಅಲ್ಲ. ‘ಇವರ ವರದಿಯನ್ನು ಪರಿಶೀಲಿಸಿದ್ದೇವೆ, ಇದು ಪತ್ರಿಕೋದ್ಯಮವೇ’ ಎಂದು ಅದೇ ವೃತ್ತಿಯವರು ಬಹಿರಂಗವಾಗಿ ಹಾಕುವ ಸಹಿ. ಅದು ಅತ್ಯಂತ ಅಗತ್ಯವಿದ್ದ ಗಳಿಗೆಯಲ್ಲೇ ಸಿಗಲಿಲ್ಲ.

ವಿಜೇತರನ್ನು ಘೋಷಿಸಬೇಕಿದ್ದ ಮೇ 3, ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನ. ಅಂದು ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕ ಪ್ರಕಟಿಸಿತು. ಹಾಂಗ್‌ಕಾಂಗ್ 80ನೇ ಸ್ಥಾನದಿಂದ 148ಕ್ಕೆ ಜಾರಿತ್ತು. ಲೆಕ್ಕ ಹಾಕುವ ಕ್ರಮವೂ ಆ ವರ್ಷ ಬದಲಾಗಿತ್ತು ನಿಜ. ಆದರೂ 2002ರಲ್ಲಿ ಇದೇ ನಗರ 18ನೇ ಸ್ಥಾನದಲ್ಲಿತ್ತು.

2023ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಮತ್ತು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ವಾಲ್ಟರ್ ಕ್ರಾಂಕೈಟ್ ಪತ್ರಿಕೋದ್ಯಮ ಶಾಲೆ ಪ್ರಶಸ್ತಿಯ ಹೊಣೆ ಹೊತ್ತವು. 2023ರ ಜೂನ್ 5ರಂದು ಹಾಂಗ್‌ಕಾಂಗ್‌ನ ಅಂತಿಮ ಮೇಲ್ಮನವಿ ನ್ಯಾಯಾಲಯ ಬಾವೊ ಚಾಯ್ ಅವರ ಮೇಲಿನ ಶಿಕ್ಷೆಯನ್ನು ರದ್ದುಮಾಡಿತು. ಅರ್ಜಿಯಲ್ಲಿದ್ದ ಆ ಸಾಲಿನಿಂದ ಪ್ರಾಮಾಣಿಕ ಪತ್ರಿಕೋದ್ಯಮವನ್ನು ಹೊರಗಿಡಲು ಕಾರಣವಿಲ್ಲ ಎಂದಿತು. ಅವರ ಕೆಲಸವನ್ನು ಎರಡು ವರ್ಷ ಮೊದಲೇ ಗುರುತಿಸಿದ್ದ ಪ್ರಶಸ್ತಿ ಆ ಹೊತ್ತಿಗೆ ಇನ್ನೊಂದು ಖಂಡದಲ್ಲಿತ್ತು.